ಸತ್ತವನ ಪರವಾಗಿ ಒಂದು ಉತ್ತರ

ಓಡುತ್ತಿರುವ ಪ್ರೋಗ್ರಾಮಿಗೆ ಕಂಪ್ಯೂಟರಿನವರು 'ಪ್ರೋಸೆಸ್' ಅನ್ನುತ್ತಾರೆ. ಒಂದೇ ಯಂತ್ರದಲ್ಲಿದ್ದರೂ ಎರಡು ಪ್ರೋಸೆಸ್‌ಗಳು ಒಂದನ್ನೊಂದು ನಂಬಬೇಕಿಲ್ಲ. ಹಾಗಾದರೆ ಮಾತಾಡುವುದು ಹೇಗೆ? 1969ರಲ್ಲಿ ಡೆನ್ಮಾರ್ಕಿನ ಪೆರ್ ಬ್ರಿಂಚ್ ಹ್ಯಾನ್ಸನ್ ಮತ್ತು ಸಂಗಡಿಗರು ಆರ್‌ಸಿ 4000 ಎಂಬ ಕಂಪ್ಯೂಟರಿಗೆ ಒಂದು ದಾರಿ ಮಾಡಿದರು. ಸಂದೇಶವನ್ನು ವ್ಯವಸ್ಥೆಯ ಕೈಗೆ ಕೊಡಬೇಕು. ಅದು ಪಡೆಯುವವನ ಸರದಿ ಸಾಲಿನಲ್ಲಿ ಕಾಯುತ್ತದೆ. ಕಳಿಸಿದವರ ಗುರುತನ್ನು ಬರೆಯುವುದು ವ್ಯವಸ್ಥೆಯೇ, ಹಾಗಾಗಿ ಬೇರೆಯವರ ಹೆಸರಲ್ಲಿ ಬರೆಯುವಂತಿಲ್ಲ.

1970ರಲ್ಲಿ ಅವರು ಪ್ರಕಟಿಸಿದ ಲೇಖನ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ನಿಯಮ. ಪಡೆಯಬೇಕಾದ ಪ್ರೋಸೆಸ್ ಇಲ್ಲವಾಗಿದ್ದರೆ ವ್ಯವಸ್ಥೆಯೇ ಒಂದು ಹುಸಿ ಉತ್ತರ ಕಳಿಸುತ್ತದೆ. ಸತ್ತವನ ಉತ್ತರಕ್ಕಾಗಿ ಯಾರೂ ಕೊನೆಯಿಲ್ಲದೆ ಕಾಯಬಾರದು! ನನಗಂತೂ ಇದು ತಾಂತ್ರಿಕ ಜಾಣತನಕ್ಕಿಂತ ಸೌಜನ್ಯವಾಗಿಯೇ ಕಂಡಿತು.

1983ರ ಯುನಿಕ್ಸ್ ಸಿಸ್ಟಂ ಫೈವ್‌ನ ಸಂದೇಶ ಸಾಲುಗಳಿಗೆ ಈ ದಾಕ್ಷಿಣ್ಯವಿಲ್ಲ. ಅಲ್ಲಿ ಸಂದೇಶಕ್ಕೊಂದು ಸಂಖ್ಯೆ ಅಂಟಿಸಬಹುದು, ಬೇಕಾದ್ದನ್ನಷ್ಟೇ ಹೆಕ್ಕಿ ಓದಬಹುದು, ಅನುಕೂಲವೇನೋ ಹೆಚ್ಚು. ಆದರೆ ಉತ್ತರದ ಹೊಣೆ ಯಾರದೂ ಅಲ್ಲ. ಬರೆದ ಪ್ರೋಸೆಸ್ಸೂ ಓದಬೇಕಾದದ್ದೂ ಮುಗಿದುಹೋದ ಮೇಲೂ ಸಾಲು ಹಾಗೇ ಉಳಿಯುತ್ತದೆ, ಯಾರಾದರೂ ಅಳಿಸುವವರೆಗೆ, ಇಲ್ಲವೇ ಯಂತ್ರ ಆರುವವರೆಗೆ. ಲಿನಕ್ಸ್‌ನಲ್ಲಿ ಐಪಿಸಿಎಸ್ ಎಂಬ ಆಜ್ಞೆ ಕೊಟ್ಟರೆ ಇಂಥ ವಾರಸುದಾರರಿಲ್ಲದ ಸಾಲುಗಳು ಇವತ್ತಿಗೂ ಕಾಣಸಿಗುತ್ತವೆ, ಒಳಗೆ ಎಷ್ಟು ಸಂದೇಶ ಉಳಿದಿವೆ ಎಂಬ ಲೆಕ್ಕದ ಸಮೇತ.