ಹೇಸ್ಟಿಂಗ್ಸಿನ ಒಂದು ಆಟ

ಬರೆದಿಟ್ಟ ಹಳೆಯ ಚದುರಂಗದ ಆಟವೊಂದನ್ನು ಮಣೆಯ ಮೇಲೆ ನಡೆನಡೆಯಾಗಿ ಮತ್ತೆ ಹೂಡಿ ನೋಡುವುದು ಶಾಸನವನ್ನು ಓದಿದಂತೆಯೇ ಸರಿ. ಆಡಿದವರ ಮುಖಭಾವವಾಗಲಿ ಮಾತಾಗಲಿ ಅಲ್ಲಿ ಉಳಿದಿರುವುದಿಲ್ಲ; ಅವರು ಮಾಡಿದ ಆಯ್ಕೆಗಳು ಮಾತ್ರ ಒಂದೂ ಬಿಡದೆ ಉಳಿದಿರುತ್ತವೆ.

ನಾವು ಎತ್ತಿಕೊಂಡಿರುವ ಆಟವು ೧೯೩೦-೩೧ರ ಚಳಿಗಾಲದಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದಲ್ಲಿ ನಡೆದುದು. ಬಿಳಿಯ ಕಡೆ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಕರಿಯ ಕಡೆ ೧೯೨೧ರಿಂದ ೧೯೨೭ರವರೆಗೆ ಜಗಜ್ಜೇತನಾಗಿದ್ದ ಕ್ಯೂಬಾ ದೇಶದ ಕಾಪಾಬ್ಲಾಂಕ. ಸುಲ್ತಾನ್ ಖಾನರು ಕಲಿತದ್ದು ನಮ್ಮ ದೇಶೀಯ ಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯತಕ್ಕದ್ದು. ೧೯೨೯ರಲ್ಲಿ ಸರ್ ಉಮರ್ ಹಯಾತ್ ಖಾನರೊಡನೆ ಇಂಗ್ಲೆಂಡಿಗೆ ಹೋದ ಅವರು ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದರು. ಗ್ರಂಥಜ್ಞಾನವಿಲ್ಲದ ಅದ್ಭುತ ವ್ಯಕ್ತಿಯೆಂದು ಅವರನ್ನು ಕೊಂಡಾಡುವ ವಾಡಿಕೆಯುಂಟು. ಈ ಹೊಗಳಿಕೆ ನಮಗೆ ಒಗ್ಗದು. ಆಡಿದವನ ವಿಚಾರಶಕ್ತಿಗೆ ಸಲ್ಲಬೇಕಾದುದನ್ನು ಅದು ದೈವಕ್ಕೆ ಕಟ್ಟಿಬಿಡುತ್ತದೆ.

ಮಣೆ ಏನು ಹೇಳುತ್ತದೆ? ಕಾಪಾಬ್ಲಾಂಕನು ರಾಜನನ್ನು ಮೂಲೆಗೆ ಸೇರಿಸಿ ಭದ್ರಪಡಿಸಿಕೊಂಡನು. ಸುಲ್ತಾನ್ ಖಾನರಾದರೋ ರಾಜನನ್ನು ನಡುವೆಯೇ ನಿಲ್ಲಿಸಿ, ಕುದುರೆಯನ್ನು ಕೊಟ್ಟು ಎದುರಾಳಿಯ ಒಂಟೆಯನ್ನು ತೆಗೆದು, ಬಲಗಡೆಯ ಕಾಲಾಳುಗಳನ್ನು ಮುಂದೊತ್ತಿದರು. ಕಪ್ಪು ಕುದುರೆ ಹಿಂದಿನ ಸಾಲಿಗೆ ಮರಳಬೇಕಾಯಿತು. ಉಳಿದ ಕಪ್ಪು ಒಂಟೆಗೆ ತನ್ನ ಕಾಲಾಳೇ ಅಡ್ಡ. ಇಪ್ಪತ್ತೊಂದನೆಯ ನಡೆಯಲ್ಲಿ ಕಾಪಾಬ್ಲಾಂಕನ ಆನೆ ಬಿಳಿಯ ಮನೆಗೆ ನುಗ್ಗಿ ಶಹಾ ಕೊಟ್ಟಿತು, ಮತ್ತೊಂದು ಆನೆ ಹಿಂಬಾಲಿಸಿತು. ಎರಡು ಆನೆಗಳಿಗೆ ಬದಲಾಗಿ ಅವನು ಮಂತ್ರಿಯನ್ನು ಪಡೆದನು. ಮೇಲುನೋಟಕ್ಕೆ ಇದು ಗೆಲುವಿನ ಹಾದಿಯೆಂದೇ ತೋರುತ್ತದೆ. ಆದರೆ ಮುಂದಿನ ನಡೆಗಳನ್ನು ಅವಸರವಿಲ್ಲದೆ ಹೂಡಿ ನೋಡಿರಿ: ಕಪ್ಪು ಮಂತ್ರಿ ಶತ್ರುವಿನ ಬೀಡಿನಲ್ಲಿ ಒಂಟಿಯಾಗಿ ಅಲೆಯುತ್ತದೆ, ಅದರ ನೆರವಿಗೆ ಬರಬಲ್ಲ ಕುದುರೆ, ಒಂಟೆಗಳೆರಡೂ ಸೆರೆಯಲ್ಲಿವೆ. ಬಿಳಿಯ ಆನೆಗಳು ಒಂದೊಂದು ದಾರಿಯನ್ನಾಗಿ ಮುಚ್ಚುತ್ತ ಬರುತ್ತವೆ. ಮುಂಚಿನ ಹತ್ತು ನಡೆಗಳಲ್ಲಿ ಕಟ್ಟಿದ ಈ ಬಂಧನವನ್ನು ಆಕಸ್ಮಿಕವೆನ್ನಲು ನಮಗೆ ಧೈರ್ಯ ಸಾಲದು.

ಅರವತ್ತೈದನೆಯ ನಡೆಗೆ ಬಿಳಿಯು ಗೆದ್ದಿತು. ಆ ಪಂದ್ಯಾವಳಿಯಲ್ಲಿ ಏಯ್ವೆ, ಕಾಪಾಬ್ಲಾಂಕ ಇವರ ಅನಂತರ ಮೂರನೆಯ ಸ್ಥಾನ ಸುಲ್ತಾನ್ ಖಾನರದಾಯಿತು. ೧೯೩೨, ೧೯೩೩ರಲ್ಲಿ ಮತ್ತೆ ಬ್ರಿಟಿಷ್ ಪದವಿ ಪಡೆದು ಅವರು ಊರಿಗೆ ಹಿಂದಿರುಗಿದರು, ೧೯೬೬ರಲ್ಲಿ ತೀರಿಕೊಂಡರು. ವಿಶ್ವ ಚದುರಂಗ ಸಂಸ್ಥೆಯು ಅವರಿಗೆ ಗೌರವ ಗ್ರಾಂಡ್ ಮಾಸ್ಟರ್ ಬಿರುದನ್ನು ಕೊಟ್ಟದ್ದು ೨೦೨೪ರಲ್ಲಿ.