ಶಿಶುನೇತ್ರಾರ್ಬುದದ ಚರಿತ್ರೆ

ತುಂಗಭದ್ರೆಯ ಬಲದಂಡೆಯಲ್ಲಿ, ಬುಕ್ಕರಾಯನ ಹೆಸರನ್ನು ಇಂದಿಗೂ ಹೊತ್ತಿರುವ ಬುಕ್ಕಸಾಗರವು ಗದ್ದೆ ಬಾಳೆತೋಟಗಳ ನಡುವಿನ ಗ್ರಾಮ. ಅಲ್ಲಿಯ ಮನೆಗಳಲ್ಲಾಗಲಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಮನೆಗಳಲ್ಲಾಗಲಿ, ಸಂಜೆ ದೀಪ ಹಚ್ಚಿದ ಮೇಲೆ ತಾಯಿಯು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಮುಖವನ್ನು ನೋಡುತ್ತ ಕುಳಿತಿರುವುದು ನಿತ್ಯದ ನೋಟ. ಹಾಗೆ ನೋಡುತ್ತಿರುವಾಗ, ಅತ್ಯಂತ ವಿರಳವಾಗಿ, ಮಗುವಿನ ಕಣ್ಣಿನ ಕರಿಯ ಪಾಪೆಯೊಳಗೆ ಬಿಳಿಯ ಹೊಳಪೊಂದು ಮಿಂಚಿ ಮರೆಯಾಗುವುದುಂಟು. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದಂತೆ ಅದು ತೋರುವುದು. ಮಗುವಿಗೆ ನೋವಿಲ್ಲ, ಜ್ವರವಿಲ್ಲ. ಅದು ಎಂದಿನಂತೆಯೇ ನಗುತ್ತದೆ, ಆಡುತ್ತದೆ. "ಕಣ್ಣಿಗೆ ಹೂ ಬಿದ್ದಿರಬೇಕು", "ಪೊರೆಯಿದ್ದೀತು, ದೊಡ್ಡದಾದ ಮೇಲೆ ತೆಗೆಸಿದರಾಯಿತು" ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಆ ಸಮಾಧಾನವೇ ಒಮ್ಮೊಮ್ಮೆ ಮಗುವಿನ ಪ್ರಾಣಕ್ಕೆ ಎರವಾಗುವುದು.

ಆ ಬಿಳಿಯ ಹೊಳಪಿಗೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಘೋರವಾದುದು ಕಣ್ಣಿನ ಒಳಗೋಡೆಯಾದ ಅಕ್ಷಿಪಟಲದಲ್ಲಿ ಹುಟ್ಟುವ ಅರ್ಬುದ. ಪಾಶ್ಚಾತ್ಯ ವೈದ್ಯರು ಇದನ್ನು ರೆಟಿನೊಬ್ಲಾಸ್ಟೊಮ ಎನ್ನುವರು. ಶಿಶುನೇತ್ರಾರ್ಬುದವೆಂದು ಇದನ್ನು ಕರೆಯಬಹುದು. ಹುಟ್ಟುವ ಸುಮಾರು 16,000ದಿಂದ 18,000 ಶಿಶುಗಳಲ್ಲಿ ಒಂದಕ್ಕೆ ಇದು ಬರುವುದು. ಬಹುತೇಕ ಐದು ವರ್ಷ ತುಂಬುವುದರೊಳಗೇ ಕಾಣಿಸಿಕೊಳ್ಳುವುದು. ಚಿಕಿತ್ಸೆಯಿಲ್ಲದಿದ್ದರೆ ದೃಷ್ಟಿನರದ ಮಾರ್ಗವಾಗಿ ಮೆದುಳನ್ನು ಸೇರಿ ಮಗುವನ್ನು ಕೊಲ್ಲುವುದು. ಕಾಲದಲ್ಲಿ ಕಂಡುಹಿಡಿದರೆ ಪೂರ್ಣವಾಗಿ ಗುಣವಾಗುವುದು. ಈ ಎರಡು ಗತಿಗಳ ನಡುವಣ ಅಂತರವು ಕೆಲವೇ ತಿಂಗಳುಗಳದು. ಈ ರೋಗವನ್ನು ಮನುಷ್ಯನು ಅರಿತು ಗೆದ್ದ ಬಗೆಯೂ, ಆ ಗೆಲವು ಎಲ್ಲರ ಮನೆಯನ್ನು ಇನ್ನೂ ಮುಟ್ಟದಿರುವ ಬಗೆಯೂ ತಿಳಿಯತಕ್ಕ ಚರಿತ್ರೆಯಾಗಿವೆ.

ನಮ್ಮ ಪ್ರಾಚೀನರು ನೇತ್ರರೋಗಗಳನ್ನು ಅಲಕ್ಷಿಸಿದವರಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳು ಪರಿಗಣಿತವಾಗಿವೆ. ಪಾಪೆಯೊಳಗೆ ಬೆಳ್ಳಗೆ ತೋರುವ ಲಿಂಗನಾಶಕ್ಕೆ, ಎಂದರೆ ಪೊರೆಗೆ, ಶಲಾಕೆಯಿಂದ ಮಾಡುವ ಶಸ್ತ್ರಕ್ರಿಯೆಯನ್ನು ಆ ಗ್ರಂಥವು ಸವಿಸ್ತಾರವಾಗಿ ಹೇಳುವುದು. ಅರ್ಬುದವೆಂಬ ಮಾತೂ ಅಲ್ಲಿರುವುದು. ಆದರೆ ನೇತ್ರಪ್ರಕರಣದಲ್ಲಿ ಅದು ಬರುವುದು ರೆಪ್ಪೆಯ ರೋಗಗಳ ಸಾಲಿನಲ್ಲಿ, ವರ್ತ್ಮಾರ್ಬುದವೆಂದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಜೀವಂತನಾದ ಮನುಷ್ಯನ ಕಣ್ಣಿನ ಒಳಗೋಡೆಯನ್ನು ನೋಡುವ ಉಪಾಯವು ಆ ಕಾಲದಲ್ಲಿ ಲೋಕದ ಯಾವ ಮೂಲೆಯಲ್ಲಿಯೂ ಇರಲಿಲ್ಲ. ಹೊರಗಿನಿಂದ ನೋಡುವವನಿಗೆ ಪೊರೆಯ ಬಿಳುಪಿಗೂ ಅರ್ಬುದದ ಬಿಳುಪಿಗೂ ಭೇದ ತಿಳಿಯುವುದು ಕಷ್ಟ. ಮುಪ್ಪಿನ ಪೊರೆಯಾದರೆ ಕಾಯಬಹುದು. ಮಗುವಿನ ಕಣ್ಣಿನ ಬಿಳುಪು ಕಾಯತಕ್ಕದ್ದಲ್ಲ. ಎರಡನ್ನೂ ಪೊರೆಯೆಂಬ ಒಂದೇ ಮಾತಿನಿಂದ ಕರೆಯುವ ರೂಢಿಯಿಂದಲೇ ಬಹಳ ಅನರ್ಥವಾಗಿರುವುದು.

ಯೂರೋಪಿನಲ್ಲಿ ಈ ರೋಗದ ಮೊದಲ ವರ್ಣನೆಯನ್ನು ಬರೆದವನು ಹಾಲೆಂಡಿನ ಅಂಗಶಾಸ್ತ್ರಜ್ಞ ಪೀಟರ್ ಪಾವ್. 1597ರಲ್ಲಿ ಅವನು ಮೂರು ವರ್ಷದ ಬಾಲಕನೊಬ್ಬನ ಕಣ್ಣಿನಲ್ಲಿ ಬೆಳೆದ ಗೆಡ್ಡೆಯನ್ನು ಕಂಡು, ಅದರೊಳಗಿನ ದ್ರವ್ಯವು ಮೆದುಳನ್ನು ಹೋಲುತ್ತಿತ್ತೆಂದು ಬರೆದಿಟ್ಟನು. 1809ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ವಾರ್ಡ್ರಾಪ್ ಇಂತಹ ಕಣ್ಣುಗಳನ್ನು ಛೇದಿಸಿ ಪರೀಕ್ಷಿಸಿ, ರೋಗವು ಅಕ್ಷಿಪಟಲದಲ್ಲಿ ಹುಟ್ಟುವುದೆಂದೂ, ಆರಂಭದಲ್ಲಿಯೇ ಕಣ್ಣನ್ನು ತೆಗೆದುಬಿಟ್ಟರೆ ಮಗು ಬದುಕಬಹುದೆಂದೂ ಸಾರಿದನು. ಮೂರ್ಛೆಗೊಳಿಸುವ ಔಷಧಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಎಚ್ಚರದಲ್ಲಿರುವ ಶಿಶುವಿನ ಕಣ್ಣನ್ನು ತೆಗೆಯಿರೆಂಬ ಮಾತನ್ನು ಕೇಳಿ ಬೆಚ್ಚದ ತಾಯಿತಂದೆಗಳಿರಲಾರರು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕ ಯಂತ್ರವನ್ನು ಪ್ರಕಟಿಸಿದ ಮೇಲೆ, ಪಾಪೆಯ ಕಿಂಡಿಯಿಂದ ಬೆಳಕನ್ನು ಹಾಯಿಸಿ ಒಳಗೋಡೆಯನ್ನು ನೋಡುವುದು ಸಾಧ್ಯವಾಯಿತು. ಅದೇ ದೇಶದ ಫಾನ್ ಗ್ರೇಫನು ಕಣ್ಣನ್ನು ತೆಗೆಯುವಾಗ ದೃಷ್ಟಿನರವನ್ನೂ ಸಾಧ್ಯವಾದಷ್ಟು ಉದ್ದವಾಗಿ ಕತ್ತರಿಸಬೇಕೆಂದು ವಿಧಿಸಿದನು. ರೋಗವು ಮೆದುಳಿಗೆ ನಡೆಯುವ ದಾರಿಯನ್ನೇ ಕಡಿದಂತಾಯಿತು. 1903ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಿಲ್‌ಗಾರ್ಟ್ನರ್ ಎಂಬ ವೈದ್ಯನು ಕ್ಷಕಿರಣವನ್ನು ಪ್ರಯೋಗಿಸಿದನು. 1926ರಲ್ಲಿ ರೆಟಿನೊಬ್ಲಾಸ್ಟೊಮ ಎಂಬ ಹೆಸರನ್ನು ಅಮೆರಿಕದ ನೇತ್ರವೈದ್ಯರ ಸಂಘವು ಅಂಗೀಕರಿಸಿತು.

ಇತ್ತ ಬಳ್ಳಾರಿ ಸೀಮೆಯು 1800ರಲ್ಲಿ ಇಂಗ್ಲಿಷ್ ಕಂಪೆನಿಯ ವಶವಾಗಿ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಆದುದರಿಂದ ಹೊಸಪೇಟೆ, ಕಂಪ್ಲಿ ಪ್ರಾಂತದವರಿಗೆ ಸರಕಾರದ ದೊಡ್ಡ ಕಣ್ಣಿನಾಸ್ಪತ್ರೆಯೆಂದರೆ ಮದರಾಸಿನದೇ. 1819ರಲ್ಲಿ ಸ್ಥಾಪಿತವಾದ ಅದು, ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ತರುವಾಯ ಲೋಕದ ಅತಿ ಹಳೆಯ ನೇತ್ರಾಲಯಗಳ ಸಾಲಿನಲ್ಲಿ ನಿಲ್ಲುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮುಖ್ಯರಾಗಿದ್ದ ಕರ್ನಲ್ ಎಲಿಯಟ್ಟರ ಹೆಸರಿನಲ್ಲಿ ನೇತ್ರರೋಗಗಳ ಸಂಗ್ರಹಾಲಯವೊಂದು ಅಲ್ಲಿಯೇ ಏರ್ಪಟ್ಟಿತು. ಮೈಸೂರು ಸಂಸ್ಥಾನದಲ್ಲಿ 1896ರಲ್ಲಿ ಆರಂಭವಾದ ಬೆಂಗಳೂರಿನ ಕಣ್ಣಿನಾಸ್ಪತ್ರೆಯು 1913ರಲ್ಲಿ ಹೊಸ ಕಟ್ಟಡವನ್ನು ಸೇರಿ ಮಿಂಟೋ ಆಸ್ಪತ್ರೆಯೆಂದು ಪ್ರಸಿದ್ಧವಾಯಿತು. 1953ರಲ್ಲಿ ಬಳ್ಳಾರಿಯು ಮೈಸೂರಿಗೆ ಸೇರಿತು. 1961ರಲ್ಲಿ ಬಳ್ಳಾರಿಯಲ್ಲಿಯೇ ವೈದ್ಯಕೀಯ ಕಾಲೇಜು ತೆರೆಯಿತು. 1973ರಲ್ಲಿ ಬೆಂಗಳೂರಿನಲ್ಲಿ ಅರ್ಬುದ ರೋಗಗಳಿಗೆಂದೇ ಕಿದ್ವಾಯಿ ಸ್ಮಾರಕ ಸಂಸ್ಥೆಯು ಉದಯಿಸಿತು. ಆಸ್ಪತ್ರೆಗಳು ಹೀಗೆ ಕ್ರಮಕ್ರಮವಾಗಿ ಸಮೀಪಕ್ಕೆ ಬಂದುವು.

ವೈದ್ಯನೇ ಹಳ್ಳಿಗೆ ಬರಬೇಕೆಂಬ ತತ್ತ್ವವನ್ನು ಕನ್ನಡನಾಡಿನಲ್ಲಿ ಆಚರಿಸಿ ತೋರಿಸಿದವರು ಬೀಳಗಿಯಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರು (1916–2005). ಊರೂರಿಗೆ ಹೋಗಿ ಶಿಬಿರಗಳನ್ನು ಹೂಡಿ ಅವರು ಲಕ್ಷಾಂತರ ಜನರ ಪೊರೆಯನ್ನು ತೆಗೆದರು. ಕುರುಡನಾಗಿ ಶಿಬಿರಕ್ಕೆ ಬಂದ ಮುದುಕನು ಕಣ್ಣುಳ್ಳವನಾಗಿ ಮನೆಗೆ ಮರಳಿದುದನ್ನು ಹಳ್ಳಿಗಳು ಕಣ್ಣಾರೆ ಕಂಡುವು. ಆ ಉಪಕಾರವು ಮರೆಯತಕ್ಕದ್ದಲ್ಲ. ಆದರೆ ಮುದುಕನ ಪೊರೆಗೆ ಶಿಬಿರವು ಬರುವವರೆಗೆ ಕಾಯಬಹುದಾಗಿದ್ದಂತೆ ಮಗುವಿನ ಅರ್ಬುದಕ್ಕೆ ಕಾಯಲಾಗದು. ಬಿಳುಪು ಒಂದೇ ಆದರೂ ಒಂದರಲ್ಲಿ ಹೋಗುವುದು ದೃಷ್ಟಿ, ಇನ್ನೊಂದರಲ್ಲಿ ಹೋಗುವುದು ಜೀವ.

ಈ ವಿರಳ ರೋಗದ ಸಂಶೋಧನೆಯು ಅರ್ಬುದಗಳೆಲ್ಲದರ ಮೂಲವನ್ನು ತಿಳಿಯುವುದಕ್ಕೆ ದಾರಿಯಾದುದು ಈ ಚರಿತ್ರೆಯ ಒಂದು ವಿಶೇಷ. 1971ರಲ್ಲಿ ಅಮೆರಿಕದ ಆಲ್ಫ್ರೆಡ್ ನಡ್ಸನ್ ಎಂಬ ವಿದ್ವಾಂಸರು 48 ಮಕ್ಕಳ ವೃತ್ತಾಂತಗಳನ್ನು ಕೂಡಿಸಿ ನೋಡಿದರು. ಎರಡು ಕಣ್ಣಿಗೂ ರೋಗ ಬಂದ ಮಕ್ಕಳಲ್ಲಿ ಅದು ಬೇಗ ತೋರುವುದೆಂಬುದನ್ನೂ, ಒಂದೇ ಕಣ್ಣಿಗೆ ಬಂದವರಲ್ಲಿ ತಡವಾಗಿ ತೋರುವುದೆಂಬುದನ್ನೂ ಗಮನಿಸಿ ಅವರು ಒಂದು ಸಿದ್ಧಾಂತವನ್ನು ಮಾಡಿದರು. ಮನೆಯ ಬಾಗಿಲಿಗೆ ಎರಡು ಬೀಗಗಳಿರುವಂತೆ, ಜೀವಕಣವು ಮಿತಿಮೀರಿ ಬೆಳೆಯದಂತೆ ತಡೆಯುವ ಬೀಜಾಂಶವು ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡಿರುವುದು. ಎರಡೂ ಕೆಟ್ಟರೆ ಮಾತ್ರವೇ ಅರ್ಬುದವು ಹುಟ್ಟುವುದು. ಕೆಲವು ಶಿಶುಗಳು ಒಂದು ಬೀಗ ಮುರಿದೇ ಹುಟ್ಟುತ್ತವೆ. ಅವುಗಳಿಗೆ ಇನ್ನೊಂದು ಪೆಟ್ಟು ಸಾಕು. 1986ರಲ್ಲಿ ಆ ಬೀಜಾಂಶವೇ ಸಿಕ್ಕಿತು. ಅರ್ಬುದವನ್ನು ತಡೆಯುವ ಬೀಜಾಂಶಗಳಲ್ಲಿ ಮೊದಲು ಕೈಗೆ ಸಿಕ್ಕಿದುದು ಅದೇ. ಈ ರೋಗವುಳ್ಳ ಮಕ್ಕಳಲ್ಲಿ 100ಕ್ಕೆ ಸುಮಾರು 40ರಷ್ಟು ಮಂದಿಗೆ ದೋಷವು ಹುಟ್ಟಿನಿಂದಲೇ ಬಂದಿರುವುದು. ಅಂತಹವರಿಗೆ ಮುಂದೆ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವವು ಅರ್ಧಕ್ಕರ್ಧ. ಮನೆಯಲ್ಲಿ ಒಂದು ಮಗುವಿಗೆ ರೋಗ ಬಂದರೆ ಒಡಹುಟ್ಟಿದವರ ಕಣ್ಣುಗಳನ್ನೂ ಪರೀಕ್ಷಿಸಬೇಕೆಂದು ವೈದ್ಯರು ಹೇಳುವುದು ಈ ಕಾರಣದಿಂದಲೇ. ಇದು ತಾಯಿಯ ದೋಷವೂ ಅಲ್ಲ, ಗ್ರಹಣದ ಫಲವೂ ಅಲ್ಲ, ಯಾರ ಕಣ್ಣು ತಾಗಿದುದೂ ಅಲ್ಲ.

ಚಿಕಿತ್ಸೆಯೂ ಅದರೊಡನೆ ಸುಧಾರಿಸಿತು. ಹುಟ್ಟಿನಿಂದ ದೋಷವುಳ್ಳ ಮಕ್ಕಳಿಗೆ ಕಿರಣಚಿಕಿತ್ಸೆಯಿಂದ ಮುಂದೆ ಬೇರೆ ಅರ್ಬುದಗಳು ಬರುವ ಅಪಾಯವು ಹೆಚ್ಚುವುದೆಂದು ತಿಳಿದ ಮೇಲೆ, 1990ರ ದಶಕದಲ್ಲಿ ಔಷಧದಿಂದ ಗೆಡ್ಡೆಯನ್ನು ಕುಗ್ಗಿಸಿ, ಉಳಿದುದನ್ನು ಲೇಸರ್ ಕಿರಣದಿಂದಲೋ ಅತಿಶೀತದಿಂದಲೋ ನಾಶಮಾಡುವ ಕ್ರಮವು ನೆಲೆಗೊಂಡಿತು. ಕಣ್ಣಿಗೆ ಹೋಗುವ ರಕ್ತನಾಳದಲ್ಲಿಯೇ ಔಷಧವನ್ನು ಬಿಡುವ ಕ್ರಮವನ್ನು ಜಪಾನಿನ ವೈದ್ಯರು ಮೊದಲು ಯತ್ನಿಸಿದರು. 2006ರಿಂದ ನ್ಯೂಯಾರ್ಕಿನಲ್ಲಿ ಅದು ಪರಿಷ್ಕೃತವಾಯಿತು. ವೈದ್ಯರು ಅನುಸರಿಸುವ ಕ್ರಮವು ಸ್ಪಷ್ಟವಾದುದು: ಮೊದಲು ಪ್ರಾಣ, ಆಮೇಲೆ ಕಣ್ಣು, ಆಮೇಲೆ ದೃಷ್ಟಿ.

ಆದರೆ ವಿದ್ಯೆಯು ಬೆಳೆದಷ್ಟು ವೇಗವಾಗಿ ಅದರ ಫಲವು ಹಂಚಿಕೆಯಾಗಲಿಲ್ಲ. 2017ರಲ್ಲಿ 153 ದೇಶಗಳಲ್ಲಿ ಹೊಸದಾಗಿ ಪತ್ತೆಯಾದ 4,351 ಮಕ್ಕಳ ವೃತ್ತಾಂತವನ್ನು ವೈದ್ಯರು ಕೂಡಿಸಿ ಪ್ರಕಟಿಸಿರುವರು. ಶ್ರೀಮಂತ ದೇಶಗಳಲ್ಲಿ ರೋಗವು ಪತ್ತೆಯಾಗುವಾಗ ಮಗುವಿನ ವಯಸ್ಸು ಸುಮಾರು 14 ತಿಂಗಳು. ಅತ್ಯಂತ ಬಡ ದೇಶಗಳಲ್ಲಿ 30 ತಿಂಗಳು. ಮೂರು ವರ್ಷಗಳ ತರುವಾಯ ಜೀವಿಸಿದ್ದವರು ಶ್ರೀಮಂತ ದೇಶಗಳಲ್ಲಿ 100ಕ್ಕೆ 99ಕ್ಕೂ ಹೆಚ್ಚು. ಭಾರತವು ಸೇರಿದ ಕೆಳಮಧ್ಯಮ ಆದಾಯದ ದೇಶಗಳ ಗುಂಪಿನಲ್ಲಿ ಸುಮಾರು 80. ಅತಿ ಬಡ ದೇಶಗಳಲ್ಲಿ ಸುಮಾರು 57. ರೋಗವು ಒಂದೇ, ಔಷಧವೂ ಒಂದೇ. ತಡವಾದ ಆ ತಿಂಗಳುಗಳೇ ಈ ಭೇದಕ್ಕೆ ಬಹುಮಟ್ಟಿಗೆ ಕಾರಣ.

ಆ ತಿಂಗಳುಗಳು ಎಲ್ಲಿ ಕಳೆದುಹೋಗುವುವು? ಕೆಲವು, ಪೊರೆಯೆಂದು ಸುಮ್ಮನಿರುವುದರಲ್ಲಿ. ಕೆಲವು, ಹರಕೆ ನಾಟಿಮದ್ದುಗಳಲ್ಲಿ. ಕೆಲವು, ದಾರಿಯ ಖರ್ಚನ್ನು ಹೊಂದಿಸುವುದರಲ್ಲಿ. ಹೊಸಪೇಟೆಯಿಂದ ಬೆಂಗಳೂರು ಸುಮಾರು 340 ಕಿಲೋಮೀಟರು. ರಾತ್ರಿಯ ರೈಲುಬಂಡಿಯಲ್ಲಿ ಹೋಗಿ ಬೆಳಗ್ಗೆ ಇಳಿಯಬಹುದು. ಆದರೆ ಕೂಲಿಯವರಿಗೆ ಒಂದೊಂದು ಸಲ ಹೋಗುವುದೂ ಹಲವು ದಿನಗಳ ಸಂಪಾದನೆಯ ನಷ್ಟ; ಈ ಚಿಕಿತ್ಸೆಗಾದರೋ ಹಲವು ಸಲ ಹೋಗಬೇಕು. ಎಲ್ಲಕ್ಕಿಂತ ಕಠಿನವಾದ ಘಳಿಗೆಯು ವೈದ್ಯನು "ಈ ಕಣ್ಣನ್ನು ತೆಗೆಯಬೇಕು" ಎನ್ನುವಾಗ ಬರುವುದು. ನಗುತ್ತಿರುವ ಮಗುವಿನ ಕಣ್ಣನ್ನು ತೆಗೆಯಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಹೆಣ್ಣುಮಗುವಾದರೆ ಮುಂದಿನ ಮದುವೆಯ ಚಿಂತೆ ಬೇರೆ. ಒಪ್ಪದೆ ಮಗುವನ್ನು ಎತ್ತಿಕೊಂಡು ಊರಿಗೆ ಹಿಂದಿರುಗಿದವರು, ಕಣ್ಣು ಊದಿ ಮುಂದಕ್ಕೆ ಬಂದ ಮೇಲೆ ಮತ್ತೆ ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ. ಇಂತಹವರನ್ನು ಮೂಢರೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಆ ಘಳಿಗೆಯಲ್ಲಿ ಅವರಿಗೆ ಬೇಕಾದುದು ಉಪದೇಶಕ್ಕಿಂತ ಮಿಗಿಲಾಗಿ, ಅದೇ ದಾರಿಯಲ್ಲಿ ನಡೆದು ಬಂದ ಮತ್ತೊಬ್ಬ ತಾಯಿಯ ಮಾತು. ಕೃತಕ ನೇತ್ರವನ್ನು ಧರಿಸಿ ಶಾಲೆಗೆ ಹೋಗುತ್ತಿರುವ ಮತ್ತೊಂದು ಮಗುವಿನ ಮುಖ.

ಇದನ್ನು ಅರಿತೇ 1987ರಲ್ಲಿ ಇಂಗ್ಲೆಂಡಿನ ತಾಯಿತಂದೆಗಳು ಕೂಡಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಬೆಂಗಳೂರಿನಲ್ಲಿ ಇಕ್ಷಾ ಎಂಬ ಸಂಸ್ಥೆಯು ಈ ರೋಗದ ಮಕ್ಕಳಿಗೆಂದೇ ಏರ್ಪಟ್ಟು, ಹಣದ ನೆರವನ್ನೂ ಮನೆಯವರಿಗೆ ಧೈರ್ಯವನ್ನೂ ಕೊಡುತ್ತಿರುವುದು. ಡಾಕ್ಟರ್ ಭುಜಂಗಶೆಟ್ಟರು ಸ್ಥಾಪಿಸಿದ ನಾರಾಯಣ ನೇತ್ರಾಲಯದಲ್ಲಿ ಚಿಕಿತ್ಸೆಯೊಡನೆ ಈ ಅರ್ಬುದದ ಸಂಶೋಧನೆಯೂ ನಡೆದಿರುವುದು. ಅದೇ ಆಸ್ಪತ್ರೆಯು 2008ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮತ್ತೊಂದು ನೇತ್ರರೋಗಕ್ಕಾಗಿ, ಛಾಯಾಯಂತ್ರವನ್ನು ಜಿಲ್ಲೆಗಳಿಗೆ ಒಯ್ದು ಅಲ್ಲಿಂದಲೇ ಚಿತ್ರಗಳನ್ನು ಬೆಂಗಳೂರಿಗೆ ಕಳುಹಿಸುವ ಏರ್ಪಾಡನ್ನು ಆರಂಭಿಸಿ, ಉತ್ತರ ಕರ್ನಾಟಕಕ್ಕೂ ವಿಸ್ತರಿಸಿತು. ದೂರವನ್ನು ವಿದ್ಯೆಯಿಂದ ಗೆಲ್ಲಬಹುದೆಂಬುದಕ್ಕೆ ಇದು ನಿದರ್ಶನ. 2010ರಲ್ಲಿ ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗಳ ವೆಚ್ಚವನ್ನು ಸರಕಾರವು ವಹಿಸುವ ವಾಜಪೇಯಿ ಆರೋಗ್ಯಶ್ರೀಯು ಬಳ್ಳಾರಿ ಜಿಲ್ಲೆಯು ಸೇರಿದ ಕಲಬುರಗಿ ವಿಭಾಗದಲ್ಲಿಯೇ ಮೊದಲು ಜಾರಿಗೆ ಬಂದಿತು. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವು ರೂಪುಗೊಂಡಿತು. ದಾರಿಯು ಇಂದು ಮುಚ್ಚಿಲ್ಲ. ಆ ದಾರಿಯಲ್ಲಿ ಹೊರಡಬೇಕೆಂಬ ತಿಳಿವಳಿಕೆಯು ಮನೆಗೆ ಮೊದಲು ಬರಬೇಕು.

ವಿಜಯನಗರದ ಆರಂಭಕಾಲದಲ್ಲಿ, ಸುಮಾರು 1360ರಲ್ಲಿ, ಮಂಗರಾಜನೆಂಬ ಕವಿಯು ವಿಷಚಿಕಿತ್ಸೆಯನ್ನು ಕುರಿತು ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಹಾವು ಕಡಿದವನಿಗೆ ಪಂಡಿತನು ಬರುವವರೆಗೆ ಕಾಲವಿರುವುದಿಲ್ಲ. ಪ್ರಾಣವನ್ನುಳಿಸುವ ವಿದ್ಯೆಯು ಪಕ್ಕದಲ್ಲಿರುವವನ ಭಾಷೆಯಲ್ಲಿಯೇ ಇರತಕ್ಕದ್ದು. ಶಿಶುನೇತ್ರಾರ್ಬುದದ ವಿಷಯವೂ ಹಾಗೆಯೇ. ಅದನ್ನು ಮೊದಲು ಕಾಣುವವಳು ತಾಯಿ, ಅಜ್ಜಿ, ಅಂಗನವಾಡಿಯ ಕಾರ್ಯಕರ್ತೆ. ಅವರು ತಿಳಿಯಬೇಕಾದುದು ನಾಲ್ಕೇ ಮಾತು. ಮಗುವಿನ ಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ, ಮೊಬೈಲಿನಲ್ಲಿ ಬೆಳಕು ಹಾಯಿಸಿ ತೆಗೆದ ಚಿತ್ರಗಳಲ್ಲಿ ಒಂದು ಕಣ್ಣು ಮತ್ತೆಮತ್ತೆ ಬೆಳ್ಳಗೆ ಬಂದರೆ, ಮೆಳ್ಳಗಣ್ಣು ಹೊಸದಾಗಿ ತೋರಿದರೆ, ಕಾರಣವಿಲ್ಲದೆ ಕಣ್ಣು ಕೆಂಪಾಗಿ ಊದಿದರೆ, ಆ ವಾರದಲ್ಲಿಯೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಹತ್ತರಲ್ಲಿ ಹಲವು ಸಲ ಅದು ಬೇರೆ ಸಣ್ಣ ಕಾರಣವಾಗಿದ್ದೀತು. ತೋರಿಸಿದುದರಿಂದ ನಷ್ಟವೇನೂ ಇಲ್ಲ.

ಪಾವ್ ಕಂಡ ಬಾಲಕನಿಂದ ಇಂದಿನವರೆಗೆ ನಾಲ್ಕು ಶತಮಾನಗಳಿಗೂ ಮಿಕ್ಕಿ ಕಳೆದಿವೆ. ಅಷ್ಟು ಕಾಲದ ವಿದ್ಯೆಯೆಲ್ಲವೂ ಬುಕ್ಕಸಾಗರದ ಒಂದು ಮಗುವಿಗೆ ಸಫಲವಾಗುವುದೋ ವಿಫಲವಾಗುವುದೋ ಎಂಬುದು, ದೀಪದ ಬೆಳಕಿನಲ್ಲಿ ಆ ಹೊಳಪನ್ನು ಕಂಡ ತಾಯಿಯು ಮರುದಿನ ಬೆಳಗ್ಗೆ ಏನು ಮಾಡುವಳೆಂಬುದರ ಮೇಲೆ ನಿಂತಿರುವುದು.