ಎಂಜಿನ್ ಕೂಗುತ್ತೆ, ಬೋಟು ಓಡಲ್ಲ: ಒಂದು ಗುಳ್ಳೆಯ ಇತಿಹಾಸ

ಇವತ್ತಿನ ಸಂಚಿಕೆ ಒಂದು ರಿಪೇರಿ ಪ್ರಶ್ನೆಯಿಂದ ಶುರು. ಜೆಟ್ ಸ್ಕೀ ಆ್ಯಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಜೋರಾಗಿ ಕೂಗುತ್ತೆ, ಮೀಟರಿನ ಮುಳ್ಳು ಮೇಲೇರುತ್ತೆ, ಆದ್ರೆ ಗಾಡಿ ಮಾತ್ರ ಮುಂದೆ ಹೋಗಲ್ಲ. ಯಾಕೆ? ಮುರ್ಡೇಶ್ವರ, ಮಲ್ಪೆ ಕಡೆ ಇದೇ ಗಾಡಿ ನಂಬಿ ದುಡಿಯೋರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಮಳೆಗಾಲದಲ್ಲಿ ಹೇಗೂ ಕೆಲಸ ಬಂದ್. ಉಳಿದ ತಿಂಗಳಲ್ಲೂ ಗಾಡಿ ದಡದಲ್ಲೇ ನಿಂತರೆ ದುಡಿಮೆ ಎಲ್ಲಿಂದ?

ಉತ್ತರ ಹುಡುಕೋಕೆ ನಾನು ನಿಮ್ಮನ್ನ ಮೊದಲು ಕಡಲಿಗೆ ಕರ್ಕೊಂಡು ಹೋಗಲ್ಲ, ಘಟ್ಟದ ಮೇಲೆ ಕರ್ಕೊಂಡು ಹೋಗ್ತೀನಿ. ಯಲ್ಲಾಪುರ ತಾಲೂಕಿನ ಮಾಗೋಡು. ಹುಬ್ಬಳ್ಳಿ-ಧಾರವಾಡ ಕಡೆಯಿಂದ ಬರೋ ಬೇಡ್ತಿ ನದಿ ಇಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತೆ. ಮುಂದೆ ಅದೇ ನೀರು ಗಂಗಾವಳಿ ಅನ್ನೋ ಹೆಸರಲ್ಲಿ ಅಂಕೋಲಾ ತಾಲೂಕಿನ ಮಂಜಗುಣಿ ಹತ್ತಿರ ಅರಬ್ಬಿ ಸಮುದ್ರ ಸೇರುತ್ತೆ. ವ್ಯೂ ಪಾಯಿಂಟಿನಿಂದ ನೋಡಿದ್ರೆ ಜಲಪಾತ ಬಿಳಿ. ಆ ಬಿಳಿ ಎಲ್ಲಾ ನೀರಿನ ಜೊತೆ ಬೆರೆತ ಗಾಳಿ. ಅಂಥ ನೊರೆಯೊಳಗೆ ಹುಟ್ಟು ಹಾಕಿದ್ರೆ ಗಟ್ಟಿ ಹಿಡಿತ ಸಿಗಲ್ಲ. ಇದನ್ನ ನೆನಪಿಟ್ಕೊಳ್ಳಿ.

ಈ ಕಡೆಯ ಅಡಿಕೆ ತೋಟದವರಿಗೆ ಇನ್ನೊಂದು ಉದಾಹರಣೆ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪಂಪಿನ ಹೀರುವ ಪೈಪಲ್ಲಿ ಸಣ್ಣ ಬಿರುಕಿದ್ರೂ ಸಾಕು. ಎಂಜಿನ್ ಭರ್ರ್ ಅಂತ ಓಡುತ್ತೆ, ಆದ್ರೆ ಅಡಿಕೆ ಗೊನೆವರೆಗೆ ದ್ರಾವಣ ಏರಲ್ಲ. ಅನುಭವಿ ಕೈ ಎಂಜಿನ್ ಬಿಚ್ಚೋದಿಲ್ಲ, ಮೊದಲು ಪೈಪ್ ನೋಡುತ್ತೆ.

ಈಗ ಇತಿಹಾಸಕ್ಕೆ ಬರೋಣ. 1893ರಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಥಾರ್ನಿಕ್ರಾಫ್ಟ್ ಕಂಪನಿ ಡೇರಿಂಗ್ ಅನ್ನೋ ಹಡಗು ಕಟ್ಟಿತು. 27 ನಾಟ್ ವೇಗದ ಗುರಿ. ಎಂಜಿನ್ ಶಕ್ತಿ ಕೊಡ್ತಿತ್ತು, ಹಡಗು ಮಾತ್ರ ಗುರಿ ಮುಟ್ಟಲಿಲ್ಲ. ಎಂಜಿನಿಯರ್ ಸಿಡ್ನಿ ಬಾರ್ನಬಿ ಮತ್ತು ಜೊತೆಯವರು ಪ್ರೊಪೆಲರ್ ಕಡೆ ನೋಡಿದ್ರು. ಚಿಕ್ಕ ಅಲಗು ನೀರನ್ನ ಅತಿ ಜೋರಾಗಿ ತಳ್ಳಿದಾಗ ಅದರ ಬೆನ್ನ ಕಡೆ ನೀರು ಕಿತ್ತುಹೋಗಿ ಟೊಳ್ಳಾಗ್ತಿತ್ತು. ಅಲಗಿನ ವಿಸ್ತೀರ್ಣ ಹೆಚ್ಚಿಸಿದ ಮೇಲೆ ವೇಗ ಸಿಕ್ಕಿತು. ಈ ಟೊಳ್ಳಿಗೆ 'ಕ್ಯಾವಿಟೇಶನ್' ಅನ್ನೋ ಹೆಸರು ಸೂಚಿಸಿದ್ದು ಆರ್. ಇ. ಫ್ರೌಡ್.

ಟೊಳ್ಳಲ್ಲಿ ಇರೋದೇನು? ಬಹುಪಾಲು ನೀರಿನ ಆವಿ. ಪ್ರೆಶರ್ ಕುಕ್ಕರಲ್ಲಿ ಒತ್ತಡ ಜಾಸ್ತಿ, ಅದಕ್ಕೆ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುತ್ತೆ. ಲೇಹ್‌ನಂಥ ಎತ್ತರದ ಊರಲ್ಲಿ ಒತ್ತಡ ಕಡಿಮೆ, ಅಲ್ಲಿ 90 ಡಿಗ್ರಿಗೂ ಮುಂಚೆ ಕುದಿಯುತ್ತೆ. ವೇಗವಾಗಿ ತಿರುಗೋ ಅಲಗಿನ ಹಿಂದೆ ಒತ್ತಡ ಎಷ್ಟು ಬೀಳುತ್ತೆ ಅಂದ್ರೆ, ತಣ್ಣನೆ ನೀರೇ ಅಲ್ಲಿ ಕುದ್ದು ಗುಳ್ಳೆಯಾಗುತ್ತೆ.

1894ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತನ್ನ ಹೊಸ ಸ್ಟೀಮ್ ಟರ್ಬೈನ್ ಹಾಕಿ ಟರ್ಬಿನಿಯಾ ಅನ್ನೋ ಬೋಟು ಕಟ್ಟಿದ. ಪ್ರೊಪೆಲರ್ ಮೇಲೆ ಪ್ರೊಪೆಲರ್ ಬದಲಿಸಿದ್ರೂ 20 ನಾಟ್ ದಾಟಲಿಲ್ಲ, ಅಂದ್ರೆ ಗಂಟೆಗೆ ಸುಮಾರು 37 ಕಿ.ಮೀ. ಅವನ ಹೆಸರು, ಹಣ, ಆವಿಷ್ಕಾರ ಎಲ್ಲವೂ ಪಣಕ್ಕಿದ್ದವು. ಟರ್ಬೈನೇ ದಂಡ ಅಂತ ಜನ ಅಂದುಬಿಡಬಹುದಿತ್ತು. ಅವನು ಮಾಡಿದ ಕೆಲಸ ನನಗೆ ತುಂಬಾ ಇಷ್ಟ: ಮೊದಲು ಶಾಫ್ಟಿಗೆ ಎಷ್ಟು ಬಲ ಬರ್ತಿದೆ ಅಂತ ಅಳೆದ. ಟರ್ಬೈನ್ ಸರಿಯಾಗೇ ಇತ್ತು. ಹಾಗಾದ್ರೆ ತಪ್ಪು ಪ್ರೊಪೆಲರ್ ಮತ್ತು ನೀರಿನ ನಡುವೆ. ಆಮೇಲೆ ನೀರು ಸುತ್ತಿ ಹರಿಯೋ ಒಂದು ಚಿಕ್ಕ ತೊಟ್ಟಿ ಮಾಡಿ, ಒಳಗೆ ಪುಟ್ಟ ಪ್ರೊಪೆಲರ್ ತಿರುಗಿಸಿ, ಮಿನುಗು ಬೆಳಕಲ್ಲಿ ಗುಳ್ಳೆಗಳನ್ನ ಕಣ್ಣಾರೆ ನೋಡಿದ. ಕೊನೆಗೆ ಒಂದು ಶಾಫ್ಟಿನ ಬದಲು ಮೂರು, ಒಂದೊಂದಕ್ಕೂ ಮೂರು ಪ್ರೊಪೆಲರ್. ಒಟ್ಟು ಒಂಬತ್ತು. 1897ರ ಜೂನ್ 26ರಂದು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಪ್ರದರ್ಶನದಲ್ಲಿ, ಸಾಲಾಗಿ ನಿಂತ ಯುದ್ಧನೌಕೆಗಳ ಮಧ್ಯೆ ಟರ್ಬಿನಿಯಾ ನುಗ್ಗಿತು. ಅದರ ವೇಗ 34 ನಾಟ್‌ವರೆಗೆ ಹೋಗ್ತಿತ್ತು. ಕಾವಲು ಬೋಟುಗಳಿಗೆ ಹಿಡಿಯೋಕಾಗಲಿಲ್ಲ!

ಗುಳ್ಳೆ ವೇಗ ತಿನ್ನೋದು ಒಂದು ಕಡೆ, ಲೋಹ ತಿನ್ನೋದು ಇನ್ನೊಂದು ಕಡೆ. ಒತ್ತಡ ಮತ್ತೆ ಏರಿದಾಗ ಗುಳ್ಳೆ ಒಳಕ್ಕೆ ಕುಸಿದು ಸುತ್ತಿಗೆಯಂತೆ ಹೊಡೆಯುತ್ತೆ. ಇದರ ಲೆಕ್ಕವನ್ನ 1917ರಲ್ಲಿ ಲಾರ್ಡ್ ರೇಲಿ ಬರೆದ. ಯಲ್ಲಾಪುರ ತಾಲೂಕಿನಲ್ಲೇ ಕಾಳಿ ನದಿಗೆ ಕೊಡಸಳ್ಳಿ ವಿದ್ಯುದಾಗಾರ ಇದೆ. ಅಂಥ ಕಡೆ ಟರ್ಬೈನನ್ನ ಎಷ್ಟು ಆಳದಲ್ಲಿ ಕೂರಿಸಬೇಕು ಅನ್ನೋ ತೀರ್ಮಾನದ ಹಿಂದೆಯೂ ಇದೇ ಗುಳ್ಳೆಯ ಭಯ ಇರುತ್ತೆ.

ಜೆಟ್ ಸ್ಕೀಯಲ್ಲಿ ಹೊರಗೆ ಪ್ರೊಪೆಲರ್ ಇಲ್ಲ. ತಳದ ಜಾಲರಿಯಿಂದ ನೀರು ಎಳೆದು, ಕೊಳವೆಯೊಳಗಿನ ಇಂಪೆಲರ್‌ನಿಂದ ತಳ್ಳಿ, ಹಿಂದಿನ ನಳಿಕೆಯಿಂದ ಚಿಮ್ಮಿಸುತ್ತೆ. ಈ ಉಪಾಯವೂ ಹಳೇದು. 1787ರಲ್ಲಿ ಜೇಮ್ಸ್ ರಮ್ಸಿ ಅಮೆರಿಕದ ಪೊಟೊಮ್ಯಾಕ್ ನದಿಯಲ್ಲಿ ಉಗಿಬಲದಿಂದ ನೀರು ಚಿಮ್ಮಿಸಿ ಬೋಟು ಓಡಿಸಿದ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್, ಕಲ್ಲು ತುಂಬಿದ ಆಳವಿಲ್ಲದ ನದಿಗಳಿಗಾಗಿ ಜೆಟ್ ಬೋಟು ರೂಪಿಸಿದ. ಮೋಟಾರ್‌ಬೈಕ್ ಹುಚ್ಚಿನ ಕ್ಲೇಟನ್ ಜೇಕಬ್ಸನ್ ಅದನ್ನ ಒಬ್ಬರೇ ಓಡಿಸೋ ಗಾಡಿಯಾಗಿಸಿದ. 1970ರ ದಶಕದ ಆರಂಭದಲ್ಲಿ ಕವಾಸಾಕಿ ಅದನ್ನ ಜೆಟ್ ಸ್ಕೀ ಹೆಸರಲ್ಲಿ ಮಾರಿತು.

ಸರಿ, ನಿಮ್ಮ ಗಾಡಿ ಕೂಗ್ತಿದೆ, ಓಡ್ತಿಲ್ಲ. ಪಾರ್ಸನ್ಸ್ ಕ್ರಮದಲ್ಲೇ ಹೋಗೋಣ. ಆರ್‌ಪಿಎಂ ಏರ್ತಿದೆ ಅಂದ್ರೆ ಎಂಜಿನ್ ತಿರುಗೋಕೆ ಒಪ್ಪಿದೆ, ಅನುಮಾನ ಪಂಪಿನ ಮೇಲೆ. ಎಂಜಿನ್ ಆಫ್ ಮಾಡಿ, ಸುರಕ್ಷಾ ದಾರ ಕಿತ್ತಿಡಿ, ಗಾಡಿ ದಡಕ್ಕೆ ತನ್ನಿ. ಅಲ್ಲೀವರೆಗೆ ಜಾಲರಿಯೊಳಗೆ ಬೆರಳು ಬೇಡವೇ ಬೇಡ. ಮೊದಲು ಜಾಲರಿ ನೋಡಿ: ಬಲೆಯ ದಾರ, ಪಾಚಿ, ಪ್ಲಾಸ್ಟಿಕ್ ಸಿಕ್ಕಿರಬಹುದು. ಆಮೇಲೆ ಇಂಪೆಲರ್ ಅಂಚು: ಮರಳು, ಚಿಪ್ಪು, ಕಲ್ಲು ಹೊಡೆದು ಸೊಟ್ಟಾಗಿದೆಯಾ? ಮೂರನೇದು, ಇಂಪೆಲರ್ ಸುತ್ತಿನ ವೇರ್ ರಿಂಗ್. ಹೊಸದರಲ್ಲಿ ಇವೆರಡರ ನಡುವಿನ ಸಂದು ಮಿಲಿಮೀಟರಿನ ಸಣ್ಣ ಭಾಗ. ಅದು ಸವೆದು ಅಗಲ ಆದ್ರೆ ನೀರು ಹಿಂದಕ್ಕೇ ಜಾರುತ್ತೆ. ನಾಲ್ಕನೇದು, ಪಂಪ್ ಕೂರೋ ಜಾಗದ ಮತ್ತು ಶಾಫ್ಟಿನ ಸೀಲ್. ಅಲ್ಲಿ ಗಾಳಿ ನುಗ್ಗಿದ್ರೆ ಮಾಗೋಡಿನ ನೊರೆ ನಿಮ್ಮ ಪಂಪಿನೊಳಗೆ! ಇವೆಲ್ಲಾ ಸರಿ ಇದ್ರೆ, ಎಂಜಿನ್ ಮತ್ತು ಇಂಪೆಲರ್ ಜೋಡಿಸೋ ಶಾಫ್ಟಿನ ಹಲ್ಲು ಸವೆದಿದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಿ.

'ಹೇಗೋ ಓಡ್ತಿದೆಯಲ್ಲ, ಇವತ್ತೊಂದಿನ ನಡೀಲಿ' ಅನ್ನೋರಿಗೆ ಒಂದು ಮಾತು. ಈ ಗಾಡಿಗೆ ಚುಕ್ಕಾಣಿ ಇಲ್ಲ. ಹ್ಯಾಂಡಲ್ ತಿರುಗಿಸಿದಾಗ ತಿರುಗೋದು ಹಿಂದಿನ ನಳಿಕೆ, ಅಂದ್ರೆ ಚಿಮ್ಮೋ ನೀರೇ ಚುಕ್ಕಾಣಿ. ಆ ನೀರು ಕಮ್ಮಿ ಆದ್ರೆ ವೇಗದ ಜೊತೆ ತಿರುಗೋ ಶಕ್ತಿಯೂ ಹೋಗುತ್ತೆ. ಎದುರಿಗೆ ಈಜೋ ಮಗು ಇದ್ದಾಗ ಹ್ಯಾಂಡಲ್ ತಿರುಗಿಸಿದ್ರೂ ಗಾಡಿ ನೇರ ಹೋಗಬಹುದು. ಹಾಗಾಗಿ ಬಾಡಿಗೆಗೆ ಹತ್ತೋರೂ ಇದನ್ನ ತಿಳ್ಕೊಂಡಿರಿ. ಎಂಜಿನ್ ಕೂಗ್ತಾ ಗಾಡಿ ಎಳೀದೇ ಇದ್ರೆ ಇಳಿದುಬಿಡಿ, ಬೇರೆ ಗಾಡಿ ಕೇಳಿ.

ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗ್ತೀನಿ. ನಿಮ್ಮೂರಲ್ಲೂ ಪಂಪ್ ಗಾಳಿ ಹಿಡಿದ ಕಥೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಕೇಳ್ತೀನಿ.